ನಿಕಾನ್‌ನಿಂದ ಸೋನಿಗೆ: ಹಳೆ ಕಿಟ್ ಮಾರಿದ ನಾಲ್ಕು ತಿಂಗಳು

ನಾಟಕದ ರಿಹರ್ಸಲ್ ಒಂದರಲ್ಲಿ ನನ್ನ ಬಲಗೈ ಕೈಕೊಟ್ಟಿತು. ಎರಡನೇ ಅಂಕ ನಡೆಯುತ್ತಿತ್ತು. ದೂರದ್ದನ್ನು ಹತ್ತಿರ ತರುವ 70–200 ಜೂಮ್ ಲೆನ್ಸ್ ಹಾಕಿದ ಕ್ಯಾಮೆರಾ ಕಣ್ಣಿಗೆ ಹಿಡಿದು, ನಟಿಯೊಬ್ಬರು ಬೆಳಕಿನ ಕಡೆ ತಿರುಗುವುದನ್ನೇ ಕಾಯುತ್ತಿದ್ದೆ. ಅವರು ತಿರುಗಿದರು. ಅಷ್ಟೊತ್ತಿಗೆ ಮಣಿಕಟ್ಟಿನಲ್ಲಿ ಚುಳುಕ್ ಅಂತ ನೋವು ಎದ್ದು, ಕ್ಯಾಮೆರಾ ಎದೆಯವರೆಗೆ ಇಳಿದುಬಿಟ್ಟಿತ್ತು. ಆ ಚಿತ್ರ ಸಿಗಲಿಲ್ಲ.

ನೋವು ಅವತ್ತಿನದಲ್ಲ. ಒಂದು ವರ್ಷದಿಂದ ಬರುತ್ತಾ ಹೋಗುತ್ತಾ ಇತ್ತು. ಮುಲಾಮು ಹಚ್ಚಿ, ಪಟ್ಟಿ ಕಟ್ಟಿ ದಿನ ದೂಡಿದ್ದೆ. ಫಿಸಿಯೋಥೆರಪಿ ಮಾಡುವವರು ಒಂದೇ ಪ್ರಶ್ನೆ ಕೇಳಿದರು: "ದಿನಕ್ಕೆ ಎಷ್ಟು ಭಾರ ಎತ್ತಿ ಹಿಡೀತೀರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಗೆ ಬಂದು ಅಡುಗೆಮನೆಯ ತಕ್ಕಡಿ ತೆಗೆದೆ. ನಿಕಾನ್ ಡಿ750, ಬ್ಯಾಟರಿ ಮತ್ತು ಕಾರ್ಡ್ ಸೇರಿ 840 ಗ್ರಾಂ. 24–70 ಎಫ್ 2.8 ಲೆನ್ಸ್, ಅಂದರೆ ಕತ್ತಲಲ್ಲೂ ಸಾಕಷ್ಟು ಬೆಳಕು ಹಿಡಿಯುವ ಜೂಮ್, 900 ಗ್ರಾಂ. 70–200 ಎಫ್ 2.8, ಅದೂ ಎರಡನೇ ತಲೆಮಾರಿನ ವಿಆರ್ (ಅಲುಗಾಟ ತಡೆಯುವ ವ್ಯವಸ್ಥೆ) ಇರುವುದು, 1,540 ಗ್ರಾಂ. ಈ ಮೂರೇ ಸೇರಿ 3,280 ಗ್ರಾಂ. ಜೊತೆಗೆ 85 ಎಂಎಂ, ಎರಡು ಫ್ಲ್ಯಾಶ್, ಚಾರ್ಜರ್. ಮೂರು ಗಂಟೆಯ ನಾಟಕದಲ್ಲಿ ಹೆಚ್ಚು ಹೊತ್ತು ಕೈಯಲ್ಲಿರುವುದು 70–200 ಹಾಕಿದ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾಕ್ಕೆ ಹೀಗನ್ನುತ್ತೇವೆ). ಅಂದರೆ ಎರಡು ಕಿಲೋ ಮುನ್ನೂರೆಂಬತ್ತು ಗ್ರಾಂ, ಒಂದೇ ಮಣಿಕಟ್ಟಿನ ಮೇಲೆ. ಅಂಕಿ ಕಣ್ಣೆದುರು ಬಂದ ಮೇಲೆ ಮನಸ್ಸು ಗಟ್ಟಿಯಾಯಿತು. ಕಿಟ್ ಬದಲಾಯಿಸಲೇಬೇಕು.

ಕಂಪನಿ ಬದಲಾಯಿಸುವ ಯೋಚನೆ ಮಾತ್ರ ಮೊದಲು ಇರಲಿಲ್ಲ. ಒಂಬತ್ತು ವರ್ಷ ಡಿ750 ಜೊತೆ ಕೆಲಸ ಮಾಡಿದ್ದೆ, ಅದಕ್ಕೂ ಮುಂಚೆ ಇದ್ದದ್ದೂ ನಿಕಾನೇ. ಅದು ಒಂದು ದಿನವೂ ನನಗೆ ಮೋಸ ಮಾಡಿಲ್ಲ. ಹಾಗಾಗಿ ಸುಲಭದ ದಾರಿ ಅಂದರೆ ಅದೇ ಕಂಪನಿಯ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ತಗೊಂಡು, ಹಳೆ ಲೆನ್ಸ್‌ಗಳನ್ನು ಅಡಾಪ್ಟರ್ ಮೇಲೆ ಹಾಕುವುದು ಅಂದುಕೊಂಡೆ. ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು, ಆ ದಾರಿ ನನ್ನ ಕೈಗೆ ಉಪಯೋಗವಿಲ್ಲ.

ಇಲ್ಲಿ ಮೌಂಟ್, ಅಂದರೆ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ನಿಕಾನ್‌ನ ಎಫ್ ಮೌಂಟ್ 1959ರಿಂದ ಬಂದದ್ದು. ಅದರಲ್ಲಿ ಲೆನ್ಸ್ ಕೂರುವ ಬಳೆಯಿಂದ, ಚಿತ್ರ ಮೂಡುವ ಸೆನ್ಸರ್‌ವರೆಗೆ 46.5 ಮಿಲಿಮೀಟರ್ ದೂರ. ಅಷ್ಟು ಜಾಗ ಬೇಕು, ಯಾಕಂದರೆ ನಡುವೆ ಕನ್ನಡಿ ಏಳಬೇಕು, ಇಳಿಯಬೇಕು. ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ಆ ಜಾಗದ ಕೆಲಸವೇ ಇಲ್ಲ. 2018ರಲ್ಲಿ ಬಂದ ನಿಕಾನ್ ಜಡ್ ಮೌಂಟ್‌ನಲ್ಲಿ ಅದು 16 ಮಿಲಿಮೀಟರ್. ಸೋನಿಯ ಇ ಮೌಂಟ್‌ನಲ್ಲಿ 18. ಹಳೆ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಹಾಕಬೇಕಾದರೆ ಆ ಕಡಿಮೆಯಾದ ದೂರವನ್ನು ಒಂದು ಕೊಳವೆಯಿಂದ ತುಂಬಬೇಕು. ಅಡಾಪ್ಟರ್ ಅಂದರೆ ಮುಖ್ಯವಾಗಿ ಅದೇ. ಲೆನ್ಸ್ ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ 1,540 ಗ್ರಾಂ ಲೆನ್ಸ್ 1,540 ಗ್ರಾಂ ಆಗಿಯೇ ಉಳಿಯುತ್ತದೆ. ಅದರ ಮೇಲೆ ಅಡಾಪ್ಟರ್‌ನ ತೂಕ ಬೇರೆ.

ಇನ್ನೊಂದು ತೊಡಕು ನನ್ನ 85 ಎಂಎಂ ಎಫ್ 1.8ಡಿ. ಹಳೆ ಕಾಲದ ಲೆನ್ಸ್ ಅದು. ಒಳಗೆ ಮೋಟಾರ್ ಇಲ್ಲ. ಬಾಡಿಯಲ್ಲಿರುವ ಮೋಟಾರ್ ಒಂದು ಪುಟ್ಟ ಸ್ಕ್ರೂ ತಿರುಗಿಸಿ ಅದನ್ನು ಫೋಕಸ್ ಮಾಡಿಸುತ್ತದೆ. ನಿಕಾನ್‌ನ ಎಫ್‌ಟಿಜಡ್ ಅಡಾಪ್ಟರ್‌ನಲ್ಲಿ ಆ ಮೋಟಾರ್ ಇಲ್ಲ. ಅಲ್ಲಿಗೆ ಆ ಲೆನ್ಸ್ ಕೈಯಲ್ಲೇ ಫೋಕಸ್ ಮಾಡುವ ಲೆನ್ಸ್ ಆಗಿಬಿಡುತ್ತದೆ.

ಹೇಗೂ ಎಲ್ಲ ಲೆನ್ಸ್‌ಗಳೂ ಮನೆ ಬಿಡಬೇಕು ಅಂತಾದ ಮೇಲೆ ಕಂಪನಿಯ ಕಟ್ಟು ತಾನಾಗಿಯೇ ಸಡಿಲವಾಯಿತು. ನಮ್ಮನ್ನು ಒಂದು ಕಂಪನಿಗೆ ಕಟ್ಟಿಹಾಕುವುದು ಲೆನ್ಸ್‌ಗಳು. ಕ್ಯಾಮೆರಾ ಬಾಡಿಯೊಂದಕ್ಕೇ ಅಷ್ಟು ಶಕ್ತಿ ಇಲ್ಲ.

ಆಯ್ಕೆಗೆ ನಾನು ಚಾರ್ಟ್‌ಗಳನ್ನು ಜಾಸ್ತಿ ನೋಡಲಿಲ್ಲ. ಮೂರು ಕಂಪನಿಯ ಮಿರರ್‌ಲೆಸ್‌ಗಳನ್ನು ಒಂದೊಂದಾಗಿ ಎರಡೆರಡು ದಿನ ಬಾಡಿಗೆಗೆ ತಂದೆ. ಪ್ರತಿಯೊಂದನ್ನೂ ನಿಜವಾದ ಕೆಲಸಕ್ಕೇ ಒಯ್ದೆ, ಕತ್ತಲ ಸಭಾಂಗಣಕ್ಕೆ. ಮೂರರಲ್ಲೂ ಚಿತ್ರ ಚೆನ್ನಾಗಿಯೇ ಬಂತು. ಒಂದರ ಹಿಡಿಕೆ ನನ್ನ ಕೈಗೆ ತುಂಬಾ ಹಿತವಾಗಿತ್ತು, ಆದರೆ ನನಗೆ ಬೇಕಾದ ಹಗುರ ಜೂಮ್‌ಗಳು ಅದಕ್ಕೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಸೋನಿ ತನ್ನ ಇ ಮೌಂಟನ್ನು 2010ರಲ್ಲಿ ತಂದು, ಮರುವರ್ಷವೇ ಅದರ ತಾಂತ್ರಿಕ ವಿವರಗಳನ್ನು ಬೇರೆ ಲೆನ್ಸ್ ತಯಾರಕರಿಗೂ ಬಿಟ್ಟುಕೊಟ್ಟಿತ್ತು. ಅದರ ಫಲ ಸೆಕೆಂಡ್ ಹ್ಯಾಂಡ್ ಕಪಾಟಿನಲ್ಲಿ ಕಾಣುತ್ತದೆ. ಟ್ಯಾಮ್ರಾನ್ 28–75 ಎಫ್ 2.8, 550 ಗ್ರಾಂ. ಟ್ಯಾಮ್ರಾನ್ 70–180 ಎಫ್ 2.8, 810 ಗ್ರಾಂ. ಸೋನಿ ಎ7 III ಬಾಡಿ, ಬ್ಯಾಟರಿ ಸೇರಿ 650 ಗ್ರಾಂ. ಒಟ್ಟು 2,010. ಹಳೆಯದಕ್ಕಿಂತ 1,270 ಗ್ರಾಂ ಕಡಿಮೆ.

ಬಿಟ್ಟುಕೊಡಬೇಕಾದದ್ದೂ ಇತ್ತು. ಅಗಲವಾಗಿ ಹಿಡಿಯುವ ತುದಿಯಲ್ಲಿ 24 ಹೋಗಿ 28 ಬಂತು. ದೂರದ್ದನ್ನು ಹಿಡಿಯುವ ತುದಿಯಲ್ಲಿ 200 ಹೋಗಿ 180. ಆ 70–180 ಲೆನ್ಸ್ ಒಳಗೆ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ, ಬಾಡಿಯೊಳಗಿನದನ್ನೇ ನಂಬಬೇಕು. 200 ಬಗ್ಗೆ ನನಗೆ ಚಿಂತೆ ಇರಲಿಲ್ಲ, ಚಿತ್ರದ ಅಂಚು ಕತ್ತರಿಸಿ ಸ್ವಲ್ಪ ಕ್ರಾಪ್ ಮಾಡಿದರಾಯಿತು. 24 ಬಗ್ಗೆ ಇತ್ತು. ಚಿಕ್ಕ ವೇದಿಕೆಯಲ್ಲಿ ಇಡೀ ತಂಡ ಒಂದೇ ಚೌಕಟ್ಟಿಗೆ ಬರಬೇಕಾದಾಗ ಆ ನಾಲ್ಕು ಮಿಲಿಮೀಟರ್ ತುಂಬಾ ದೊಡ್ಡದು. ಈಗಲೂ ಕೆಲವು ಸಲ ಬೆನ್ನು ಗೋಡೆಗೆ ತಾಗಿದಾಗ ಅದರ ಕೊರತೆ ಗೊತ್ತಾಗುತ್ತದೆ.

ಹೊಸದು ಕೈಗೆ ಬಂದು, ಅದರಲ್ಲಿ ಕೆಲಸ ಮಾಡಿ ನೋಡುವ ತನಕ ಹಳೆಯದನ್ನು ಮಾರಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಇದರಿಂದ ಒಂದಿಷ್ಟು ದಿನ ಎರಡು ಕಿಟ್‌ಗಳ ದುಡ್ಡು ಒಟ್ಟಿಗೆ ಸಿಕ್ಕಿಹಾಕಿಕೊಂಡಿತು. ಕಷ್ಟವೇ ಆಯಿತು. ಆದರೂ ಈ ಒಂದು ವಿಷಯದಲ್ಲಿ ನಾನು ಯಾರಿಗೂ ಬೇರೆ ಸಲಹೆ ಕೊಡುವುದಿಲ್ಲ. ಒಪ್ಪಿಕೊಂಡ ಕೆಲಸ ಎದುರಿಗಿದ್ದಾಗ, ಬೆರಳಿಗೆ ಗೊತ್ತಿಲ್ಲದ ಕ್ಯಾಮೆರಾ ಒಂದನ್ನೇ ನಂಬಿ ಹೋಗಬಾರದು.

ಎರಡೂ ಮನೆಯಲ್ಲಿದ್ದಾಗ ಇನ್ನೊಂದು ಕೆಲಸ ಮಾಡಿದೆ. ಒಂದು ಭಾನುವಾರ ಕಿಟಕಿ ಪಕ್ಕ ತಂಗಿಯನ್ನು ಕೂರಿಸಿ, ಕೈಗೆ ಬಣ್ಣದ ಕಾರ್ಡ್ ಕೊಟ್ಟು, ಎರಡೂ ಕ್ಯಾಮೆರಾದಲ್ಲಿ ಒಂದೇ ಬೆಳಕಲ್ಲಿ ರಾ ಚಿತ್ರ (ಕ್ಯಾಮೆರಾ ಏನೂ ತಿದ್ದದೆ ಕೊಡುವ ಮೂಲ ಫೈಲ್) ತೆಗೆದೆ. ಬಿಸಿಲಲ್ಲಿ ಒಮ್ಮೆ, ಹಳದಿ ಬಲ್ಬಿನಡಿ ಒಮ್ಮೆ, ಎಲ್‌ಇಡಿ ಬೆಳಕಲ್ಲಿ ಒಮ್ಮೆ. ವರ್ಷಗಟ್ಟಲೆ ತಿದ್ದಿ ತಿದ್ದಿ ಮಾಡಿಕೊಂಡಿದ್ದ, ಬಣ್ಣ ಸರಿಮಾಡುವ ನನ್ನ ಪ್ರೀಸೆಟ್‌ಗಳು ನಿಕಾನ್‌ನ ಎನ್‌ಇಎಫ್ ಫೈಲ್‌ಗೆ ಹೊಂದಿದವು. ಅವನ್ನೇ ಸೋನಿಯ ಎಆರ್‌ಡಬ್ಲ್ಯೂ ಫೈಲ್‌ಗೆ ಹಾಕಿದಾಗ ಮುಖದ ಬಣ್ಣ ಬೇರೆಯೇ ಆಯಿತು. ಎರಡು ಚಿತ್ರ ಪಕ್ಕಪಕ್ಕ ಇದ್ದದ್ದರಿಂದ ಎಷ್ಟು ತಿದ್ದಬೇಕು ಅಂತ ಕಣ್ಣಿಗೇ ಕಂಡಿತು. ಹಳೆ ಬಾಡಿ ಮಾರಿದ ಮೇಲೆ ಇದನ್ನು ಮಾಡಲು ಆಗುತ್ತಿರಲಿಲ್ಲ.

ಆಮೇಲೆ ಮಾರಾಟ.

ಕಪಾಟು ಖಾಲಿ ಮಾಡಿ ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿದೆ. ನನ್ನ ಹತ್ತಿರ ಇಷ್ಟೆಲ್ಲ ಇತ್ತಾ ಅನ್ನಿಸಿತು. ಆರು ಬ್ಯಾಟರಿ, ಅದರಲ್ಲಿ ಎರಡು ಉಬ್ಬಿದ್ದವು. ಅವನ್ನು ಬೇರೆ ತೆಗೆದಿಟ್ಟು ಹಳೆ ಬ್ಯಾಟರಿ ತೆಗೆದುಕೊಳ್ಳುವ ಕಡೆ ಕೊಟ್ಟು ಬಂದೆ. ಉಬ್ಬಿದ ಬ್ಯಾಟರಿಯನ್ನು ಯಾರಿಗೂ ಮಾರಬಾರದು, ಪುಕ್ಕಟೆಯಾಗಿಯೂ ಕೊಡಬಾರದು. 77 ಎಂಎಂ ಫಿಲ್ಟರ್ ಮೂರು ಇದ್ದವು. ಹೊಸ ಲೆನ್ಸ್ ಎರಡರದ್ದೂ 67 ಎಂಎಂ ಬಾಯಿ. ದೊಡ್ಡ ಫಿಲ್ಟರನ್ನು ಚಿಕ್ಕ ಬಾಯಿಗೆ ಕೂರಿಸುವ ಒಂದು ಅಗ್ಗದ ಸ್ಟೆಪ್-ಅಪ್ ಬಳೆ ತಂದೆ, ಮೂರು ಫಿಲ್ಟರೂ ಉಳಿದವು. ಬಳೆ ಹಾಕಿದಾಗ ಹುಡ್ (ಅಡ್ಡ ಬೆಳಕು ತಡೆಯಲು ಲೆನ್ಸಿನ ಬಾಯಿಗೆ ಹಾಕುವ ಮರೆ) ಕೂರುವುದಿಲ್ಲ, ಅಷ್ಟೇ. ಮೆಮೊರಿ ಕಾರ್ಡ್‌ಗಳೂ ಉಳಿದವು, ಎರಡೂ ಕ್ಯಾಮೆರಾಕ್ಕೆ ಎಸ್‌ಡಿ ಕಾರ್ಡೇ.

ಲೆನ್ಸ್ ಪರೀಕ್ಷೆಯನ್ನು ರಾತ್ರಿ ದೀಪ ಆರಿಸಿ ಮಾಡಿದೆ. ಎರಡೂ ಕಡೆಯ ಮುಚ್ಚಳ ತೆಗೆದು, ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ) ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಬೇಕು. ಹಗಲಲ್ಲಿ ಕಾಣದ್ದು ಆಗ ಕಾಣುತ್ತದೆ. ಎರಡು ಜೂಮ್‌ಗಳಲ್ಲಿ ದೂಳಿನ ಕಣ ಬಿಟ್ಟು ಬೇರೇನೂ ಇರಲಿಲ್ಲ. ಒಂದಷ್ಟು ದೂಳು ಚಿತ್ರಕ್ಕೆ ಏನೂ ಮಾಡುವುದಿಲ್ಲ. 85 ಎಂಎಂ ಒಳಗೆ ಟಾರ್ಚ್ ಬಿಟ್ಟಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಹಿಂದಿನ ಗಾಜಿನ ಅಂಚಲ್ಲಿ ಜೇಡರ ಬಲೆಯ ಎಳೆಯಂಥ ಬಿಳಿ ಗೆರೆಗಳು. ಫಂಗಸ್.

ತಪ್ಪು ನನ್ನದೇ. ಆ ಲೆನ್ಸನ್ನು ಚರ್ಮದ ಪುಟ್ಟ ಚೀಲದಲ್ಲಿ ಇಟ್ಟು ಕಪಾಟಿನ ಮೂಲೆಗೆ ಸರಿಸಿದ್ದೆ. ಚರ್ಮ ತೇವ ಹಿಡಿದುಕೊಳ್ಳುತ್ತದೆ. ಕತ್ತಲು, ತೇವ, ಆಡದ ಗಾಳಿ. ಫಂಗಸ್‌ಗೆ ಇನ್ನೇನು ಬೇಕು? ಮುಚ್ಚಿದ ಡಬ್ಬಿಯಲ್ಲಿ ತೇವಾಂಶ 40ರಿಂದ 50 ಶೇಕಡದೊಳಗೆ ಇಟ್ಟುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಬೇರೆಯವರಿಗೆ ಹೇಳಿಯೂ ಇದ್ದೆ. ಅವತ್ತೇ ಆ ಲೆನ್ಸನ್ನು ಉಳಿದವುಗಳಿಂದ ದೂರ ಇಟ್ಟೆ.

ಅದರ ಫಂಗಸ್ ಸಾಮಾನ್ಯ ಚಿತ್ರದಲ್ಲಿ ಕಾಣುತ್ತಲೇ ಇರಲಿಲ್ಲ. ಎದುರು ಬೆಳಕಿದ್ದಾಗ ಮಾತ್ರ ಸ್ವಲ್ಪ ಮಂಕು. ಹೇಳದಿದ್ದರೆ ಕೊಳ್ಳುವವರಿಗೆ ಬಹುಶಃ ಆರು ತಿಂಗಳು ಗೊತ್ತಾಗುತ್ತಿರಲಿಲ್ಲ. ನಾನೂ ಒಮ್ಮೆ, ಕಲಿಯುವ ಕಾಲದಲ್ಲಿ, ಹೀಗೆ ಹೇಳದೆ ಮಾರಿದ ಲೆನ್ಸ್ ಒಂದನ್ನು ಕೊಂಡಿದ್ದೆ. ಅದಕ್ಕಾಗಿ ಎಂಟು ತಿಂಗಳು ದುಡ್ಡು ಕೂಡಿಟ್ಟಿದ್ದೆ. ಆ ನೋವು ಇನ್ನೂ ನೆನಪಿದೆ. ಪ್ರತಿ ವಸ್ತುವಿಗೂ ಒಂದು ಹಾಳೆ ಮಾಡಿದೆ. ಮೇಲೆ ದೋಷಗಳು, ಕೆಳಗೆ ಗುಣಗಳು. 24–70: ಹುಡ್ ಬಿರುಕು ಬಿಟ್ಟಿದೆ, ಜೂಮ್ ರಬ್ಬರ್ ಸವೆದಿದೆ. 70–200: ಟ್ರೈಪಾಡ್ ಕಾಲರ್ ಮೇಲೆ ಗೀರು, ಮೂಲ ಚೀಲ ಇಲ್ಲ. ಬಾಡಿ: ಕೆಳಗಿನ ಮೂಲೆಯಲ್ಲಿ ಬಣ್ಣ ಹೋಗಿದೆ, ಒಮ್ಮೆ ಮಂಡಿ ಎತ್ತರದಿಂದ ಬಿದ್ದಿದೆ, ಆಮೇಲೆ ಮೂರು ವರ್ಷ ತೊಂದರೆ ಇಲ್ಲ.

ಬಾಡಿಯ ಶಟರ್ ಕೌಂಟ್, ಅಂದರೆ ಶಟರ್ ಎಷ್ಟು ಸಲ ತೆರೆದು ಮುಚ್ಚಿದೆ ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ನಿಕಾನ್ ಬಾಡಿಗಳು ಆ ಅಂಕಿಯನ್ನು ಚಿತ್ರದ ಫೈಲ್ ಒಳಗೇ ಬರೆಯುತ್ತವೆ. ಹೊಸದಾಗಿ ತೆಗೆದ ಒಂದು ಚಿತ್ರವನ್ನು ಎಕ್ಸಿಫ್‌ಟೂಲ್ ಅನ್ನುವ ತಂತ್ರಾಂಶದಲ್ಲಿ ತೆರೆದರೆ ಸಿಗುತ್ತದೆ. ನನ್ನದು 1,12,640. ಡಿ750ರ ಶಟರನ್ನು 1,50,000 ಸಲದ ಲೆಕ್ಕಕ್ಕೆ ಪರೀಕ್ಷಿಸಿರುತ್ತಾರೆ. ಅದು ಗ್ಯಾರಂಟಿಯೂ ಅಲ್ಲ, ಸಾವಿನ ದಿನವೂ ಅಲ್ಲ. ಕೆಲವು ಅದಕ್ಕಿಂತ ಎಷ್ಟೋ ಮುಂದೆ ಹೋಗುತ್ತವೆ, ಕೆಲವು ಮೊದಲೇ ನಿಲ್ಲುತ್ತವೆ. ಅಂಕಿ ದೊಡ್ಡದೇ ಇತ್ತು. ಹಾಳೆಯ ಮೊದಲ ಸಾಲಿನಲ್ಲೇ ಬರೆದೆ. ಸೆನ್ಸರ್ ಪರೀಕ್ಷೆಗೆ ಎಫ್ 16ರಲ್ಲಿ, ಅಂದರೆ ಕಿಂಡಿ ತುಂಬಾ ಚಿಕ್ಕದು ಮಾಡಿ, ಬಿಳಿ ಗೋಡೆಯ ಚಿತ್ರ ತೆಗೆದೆ. ಏಳೆಂಟು ಕಪ್ಪು ಚುಕ್ಕೆ ಕಂಡವು, ಗಾಳಿಯ ಬಲ್ಬಿನಿಂದ ಊದಿ ಎರಡಕ್ಕೆ ಇಳಿಸಿದೆ.

ಮಾರಲು ಹಾಕುವ ಫೋಟೋಗಳಿಗೆ ಕಿಟಕಿ ಬೆಳಕು ಸಾಕು. ವಸ್ತು ಹೇಗಿದೆಯೋ ಹಾಗೆ ಕಾಣಬೇಕು. ಗೀರು ಇದ್ದ ಕಡೆ ಹತ್ತಿರದಿಂದ ತೆಗೆದೆ. ಸೀರಿಯಲ್ ನಂಬರನ್ನು ಚಿತ್ರದಲ್ಲಿ ಮುಚ್ಚಿದೆ. ಆ ನಂಬರ್ ಹಿಡಿದು ಬೇರೆಯವರು ಇದು ತಮ್ಮದು ಅನ್ನಬಹುದು. ಎದುರು ಬಂದು ನೋಡುವವರಿಗೆ ಮಾತ್ರ ಬಿಲ್ಲನ್ನೂ ನಂಬರನ್ನೂ ಒಟ್ಟಿಗೆ ತೋರಿಸಿದೆ. ಕದ್ದ ಮಾಲಲ್ಲ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಬೆಲೆ ಹೇಳುವಾಗ ನಾನು ಮೊದಲು ಎಡವಿದೆ. ಬೇರೆಯವರು ಕೇಳುತ್ತಿದ್ದ ಬೆಲೆ ನೋಡಿ ನನ್ನದನ್ನು ಇಟ್ಟೆ. ಹತ್ತು ದಿನ ಯಾರೂ ತಿರುಗಿ ನೋಡಲಿಲ್ಲ. ಕೇಳುವ ಬೆಲೆಗೆ ಅರ್ಥವಿಲ್ಲ, ಮಾರಿ ಹೋದ ಬೆಲೆ ಏನು ಅಂತ ನೋಡಬೇಕು. ಅದನ್ನು ಹುಡುಕಿ ತಿದ್ದಿದ ಮೇಲೆ ಎರಡೇ ದಿನದಲ್ಲಿ ಫೋನ್ ಬರತೊಡಗಿತು. ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಗೂ ಹೋಗಿದ್ದೆ. ನೇರವಾಗಿ ಮಾರಿದರೆ ಸಿಗುವುದಕ್ಕಿಂತ ಮೂರನೇ ಒಂದು ಪಾಲು ಕಡಿಮೆ ಹೇಳಿದರು. ಮೊದಲು ಬೇಜಾರಾಯಿತು. ಆದರೆ ಅವರು ಅದನ್ನು ಸ್ವಚ್ಛ ಮಾಡಬೇಕು, ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಕು, ಕೊಂಡವರಿಗೆ ವಾರಂಟಿ ಕೊಡಬೇಕು. ನ್ಯಾಯವೇ. ಫ್ಲ್ಯಾಶ್ ಒಂದು, ಚಾರ್ಜರ್, ಬ್ಯಾಟರಿಗಳಂಥ ಚಿಲ್ಲರೆ ಸಾಮಾನನ್ನು ಅಲ್ಲೇ ಕೊಟ್ಟೆ. ಬೆಲೆ ಬೇಗ ಬೀಳುವುದು ಬಾಡಿಗಳದ್ದು, ಲೆನ್ಸ್‌ಗಳದ್ದು ನಿಧಾನ. ಹಾಗಾಗಿ ಬಾಡಿಯನ್ನು ಮೊದಲು ಮಾರಲು ಹೊರಟೆ, ಲೆನ್ಸ್‌ಗಳಿಗೆ ಆತುರ ಮಾಡಲಿಲ್ಲ.

ಫೋನ್ ಮಾಡಿದವರಲ್ಲಿ ಅರ್ಧ ಜನ "ಕೊನೆಗೆ ಎಷ್ಟಕ್ಕೆ ಕೊಡ್ತೀರಾ?" ಅನ್ನುವುದರಿಂದಲೇ ಶುರುಮಾಡುತ್ತಿದ್ದರು. ವಸ್ತು ನೋಡಿ ಆಮೇಲೆ ಮಾತಾಡೋಣ ಅನ್ನುತ್ತಿದ್ದೆ. ಒಬ್ಬರು ಮಾತ್ರ ಏನನ್ನೂ ಕೇಳದೆ, ಚೌಕಾಸಿ ಮಾಡದೆ, ಕೂಡಲೇ ಒಪ್ಪಿದರು. ಐದು ನಿಮಿಷದಲ್ಲಿ ದುಡ್ಡು ಕಳಿಸಿದ ಚಿತ್ರವೂ ಬಂತು. ಕೊರಿಯರ್ ಈಗಲೇ ಹೊರಡಲಿ ಅಂತ ಒತ್ತಾಯ. ನನ್ನ ಖಾತೆ ನೋಡಿದೆ, ಏನೂ ಬಂದಿರಲಿಲ್ಲ. ಬ್ಯಾಂಕಿನದು ತಡ ಅಂದರು. ಬಂದ ಮೇಲೆ ಕಳಿಸುತ್ತೇನೆ ಅಂದೆ. ಆಮೇಲೆ ಆ ನಂಬರ್ ಎತ್ತಲೇ ಇಲ್ಲ. ದುಡ್ಡು ಬಂದಿದೆಯೋ ಇಲ್ಲವೋ ಅನ್ನುವುದನ್ನು ನಮ್ಮ ಖಾತೆಯಲ್ಲೇ ನೋಡಬೇಕು, ಅವರು ಕಳಿಸುವ ಚಿತ್ರದಲ್ಲಿ ನೋಡಬಾರದು. ಆವತ್ತಿಂದ ಕೊರಿಯರ್ ಮಾತೇ ಬೇಡ ಅಂತ, ಜನ ಓಡಾಡುವ ಜಾಗದಲ್ಲಿ ಹಗಲು ಹೊತ್ತು ಭೇಟಿಯಾಗುವುದು ಅಂತ ಮಾಡಿಕೊಂಡೆ.

70–200 ಕೊಂಡ ಹುಡುಗ ನನಗೆ ತುಂಬಾ ಇಷ್ಟವಾದ. ಹಕ್ಕಿಗಳ ಚಿತ್ರ ತೆಗೆಯುತ್ತಾನಂತೆ. ತನ್ನದೇ ಬಾಡಿ ತಂದಿದ್ದ. ಲೆನ್ಸನ್ನು ಮೊದಲು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿದ. ಆಮೇಲೆ ಮೌಂಟ್‌ನ ಲೋಹ ನೋಡಿದ, ಸ್ಕ್ರೂಗಳ ತಲೆ ನೋಡಿದ. ಬಿಚ್ಚಿ ಕಟ್ಟಿದ ಲೆನ್ಸ್ ಆದರೆ ಅಲ್ಲಿ ಗುರುತು ಇರುತ್ತದೆ. ಹತ್ತಿರದ ಕಂಬಕ್ಕೆ, ದೂರದ ಬೋರ್ಡಿಗೆ ಫೋಕಸ್ ಮಾಡಿ ಮಾಡಿ ನೋಡಿದ. ಎಫ್ 2.8ರಲ್ಲಿ ಗೋಡೆಯ ಚಿತ್ರ ತೆಗೆದು ನಾಲ್ಕೂ ಮೂಲೆ ದೊಡ್ಡದು ಮಾಡಿದ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಅಲುಗಿದೆ ಅಂತ ಅರ್ಥ. ನಾನು ಹಾಳೆ ಕೊಟ್ಟೆ. ಪೂರ್ತಿ ಓದಿದ.

"ಮೇಡಂ, ಕಾಲರ್ ಮೇಲಿನ ಗೀರು ನಾನು ನೋಡೇ ಇರಲಿಲ್ಲ," ಅಂದ.

"ಈಗ ನೋಡಿ," ಅಂದೆ.

ನೋಡಿದ. ನಕ್ಕ. ಒಂದು ಪೈಸೆ ಕಡಿಮೆ ಕೇಳದೆ ಕೊಟ್ಟ. 24–70 ಕೊಂಡವರೂ ಹೀಗೇ. ಹಾಳೆ ಓದಿದ ಮೇಲೆ ಜನ ಚೌಕಾಸಿಯನ್ನೇ ಬಿಡುತ್ತಿದ್ದರು. ದೋಷ ಹುಡುಕಿ ಬೆಲೆ ಇಳಿಸುವುದಕ್ಕೆ ಅವರಿಗೆ ಏನೂ ಉಳಿದಿರುತ್ತಿರಲಿಲ್ಲವಲ್ಲ.

85 ಎಂಎಂ ಲೆನ್ಸನ್ನು ಲೆನ್ಸ್ ರಿಪೇರಿ ಕಲಿಯುತ್ತಿದ್ದ ಒಬ್ಬರು ಕೇಳಿದರು. ಫಂಗಸ್ ಇದೆ ಅಂತ ತಲೆಬರಹದಲ್ಲೇ ಹಾಕಿದ್ದೆ, ಅದನ್ನು ನೋಡಿಯೇ ಬಂದಿದ್ದರು. ಬಿಚ್ಚಿ ತೊಳೆದು ಕಲಿಯಬೇಕಂತೆ. ಬೆಲೆ ತೀರಾ ಕಡಿಮೆ. ಆ ಲೆನ್ಸಿನಲ್ಲಿ ನಾನು ಅಜ್ಜಿಯ ಕೊನೆಯ ಚಿತ್ರ ತೆಗೆದಿದ್ದೆ. ಕೊಡುವ ಮುಂಚೆ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತೆ. ಇಟ್ಟುಕೊಂಡಿದ್ದರೆ ಫಂಗಸ್ ಬೆಳೆಯುತ್ತಲೇ ಇರುತ್ತಿತ್ತು. ತೊಳೆಯುವ ಕೈಗೆ ಹೋಗುತ್ತಿದೆ, ಅದೇ ಸಮಾಧಾನ.

ಬಾಡಿ ಕೊನೆಗೆ ಕಾಲೇಜು ಓದುವ ಹುಡುಗಿಯೊಬ್ಬಳಿಗೆ ಹೋಯಿತು. ಅವಳ ಮೊದಲ ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾ. ಬ್ಯಾಟರಿ ಎರಡು, ಬೆಲ್ಟ್, ಮುಚ್ಚಳ, ಬಿಲ್ಲು ಎಲ್ಲ ಕೊಟ್ಟೆ. ಕಾರ್ಡ್ ತೆಗೆದುಕೊಂಡಿದ್ದೇನೆ ಅಂತ ಎರಡು ಸಲ ನೋಡಿದೆ.

ಎಲ್ಲ ಮಾರಿ ಬಂದ ದುಡ್ಡು ಹೊಸ ಕಿಟ್‌ನ ಖರ್ಚಿನಲ್ಲಿ ಸುಮಾರು ಮುಕ್ಕಾಲು ಪಾಲು ತುಂಬಿತು. ನಾನೂ ಸೆಕೆಂಡ್ ಹ್ಯಾಂಡ್ ಕೊಂಡಿದ್ದರಿಂದ ಅಷ್ಟಾಯಿತು. ನಾನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದು ಚಿಲ್ಲರೆ ಖರ್ಚುಗಳನ್ನು: ಬ್ಯಾಟರಿಗಳು, ಟ್ರೈಪಾಡ್ ಪ್ಲೇಟ್, ಫ್ಲ್ಯಾಶ್ ಟ್ರಿಗರ್. ಡಿ750ರ ಬ್ಯಾಟರಿ ಒಂದು ಚಾರ್ಜಿಗೆ 1,230 ಚಿತ್ರದ ಲೆಕ್ಕದ್ದು. ಎ7 III, ವ್ಯೂಫೈಂಡರ್‌ನಲ್ಲಿ ನೋಡಿ ತೆಗೆದರೆ, ಸುಮಾರು 610. ಕಣ್ಣಿಟ್ಟು ನೋಡುವ ಆ ಕಿಂಡಿಯೊಳಗಿನ ಪರದೆ ಸದಾ ಉರಿಯುತ್ತಿರಬೇಕಲ್ಲ. ಹಾಗಾಗಿ ಒಂದರ ಜಾಗದಲ್ಲಿ ಎರಡು ಬೇಕು. ಉಳಿಸಿಕೊಂಡ ಹಳೆ ಫ್ಲ್ಯಾಶ್ ಹೊಸ ಬಾಡಿಯಲ್ಲಿ ಉರಿಯುತ್ತದೆ, ನಡುವಿನ ಪಿನ್ ಎರಡಕ್ಕೂ ಒಂದೇ. ಆದರೆ ಎಷ್ಟು ಬೆಳಕು ಬೇಕು ಅಂತ ತಾನೇ ಅಳೆಯುವುದಿಲ್ಲ, ಆ ಭಾಷೆ ಪ್ರತಿ ಕಂಪನಿಗೂ ಬೇರೆ. ಕೈಯಲ್ಲೇ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತೇನೆ.

ನಿಜವಾದ ಬದಲಾವಣೆ ಕೈಯಲ್ಲಿ ಆಗಬೇಕಿತ್ತು. ನಿಕಾನ್ ಲೆನ್ಸ್ ಹಾಕುವಾಗ, ಮುಂದಿನಿಂದ ನೋಡಿದರೆ, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕು. ಸೋನಿಗೆ ಮುಳ್ಳಿನ ದಿಕ್ಕಿಗೇ. ಕತ್ತಲಲ್ಲಿ ಲೆನ್ಸ್ ಬದಲಿಸುವಾಗ ಪ್ರತಿ ಸಲ ತಪ್ಪು ಕಡೆ ತಿರುಗಿಸುತ್ತಿದ್ದೆ. ಮಿರರ್‌ಲೆಸ್‌ನಲ್ಲಿ ಲೆನ್ಸ್ ತೆಗೆದ ಕೂಡಲೇ ಎದುರಿಗೇ ಸೆನ್ಸರ್. ತಡವರಿಸುತ್ತಾ ನಿಂತಷ್ಟೂ ದೂಳು. ಮನೆಯಲ್ಲಿ ಕಣ್ಣು ಮುಚ್ಚಿಕೊಂಡು, ಬಾಡಿಯ ಬಾಯಿ ಕೆಳಗೆ ಮಾಡಿ, ದಿನಕ್ಕೆ ಇಪ್ಪತ್ತು ಸಲ ಲೆನ್ಸ್ ಹಾಕಿ ತೆಗೆದು ಅಭ್ಯಾಸ ಮಾಡಿದೆ. ಮೂರು ವಾರ ಬೇಕಾಯಿತು.

ಎಡಗೈ ಹೆಬ್ಬೆರಳಿಗೆ ಇನ್ನೂ ಜಾಸ್ತಿ ದಿನ ಹಿಡಿಯಿತು. ಡಿ750ರಲ್ಲಿ ತೆಗೆದ ಚಿತ್ರ ನೋಡುವ ಬಟನ್ ಹಿಂಭಾಗದ ಎಡ ಮೇಲ್ತುದಿಯಲ್ಲಿದೆ. ಸೋನಿಯಲ್ಲಿ ಬಲಗಡೆ ಕೆಳಗೆ. ಚಿತ್ರ ತೆಗೆದ ಕೂಡಲೇ ಎಡ ಹೆಬ್ಬೆರಳು ಮೇಲಕ್ಕೆ ಹೋಗಿ, ಅಲ್ಲಿ ಇಲ್ಲದ ಆ ಬಟನನ್ನು ಹುಡುಕುತ್ತಿತ್ತು.

ಒಂದು ಸಂಗೀತ ಕಾರ್ಯಕ್ರಮದ ತಾಲೀಮಿನಲ್ಲಿ ಸದ್ದಿಲ್ಲದ ಶಟರ್ ಬಳಸಿದೆ. ಎಷ್ಟೋ ವರ್ಷದ ಆಸೆ ಅದು. ಆಲಾಪನೆ ನಡೆಯುವಾಗ ಕನ್ನಡಿಯ ಟಪ್ ಸದ್ದಿಗೆ ಮುಂದಿನ ಸಾಲಿನವರು ತಿರುಗಿ ನೋಡಿದಾಗಲೆಲ್ಲ ಕುಗ್ಗಿಹೋಗುತ್ತಿದ್ದೆ. ಅವತ್ತು ಯಾರೂ ತಿರುಗಲಿಲ್ಲ. ಮನೆಗೆ ಬಂದು ನೋಡಿದರೆ ಅರ್ಧ ಚಿತ್ರಗಳ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ. ಸದ್ದಿಲ್ಲದ ಶಟರ್ ಅಂದರೆ ಸೆನ್ಸರನ್ನು ಸಾಲು ಸಾಲಾಗಿ ಓದುವುದು. ವೇದಿಕೆಯ ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಹೊತ್ತಿ ಆರುತ್ತಿರುತ್ತವೆ. ಒಂದು ಸಾಲು ಓದುವಾಗ ಬೆಳಕು, ಮುಂದಿನ ಸಾಲಿಗೆ ಕತ್ತಲು. ಇದನ್ನು ಮೊದಲೇ ತಿಳಿದುಕೊಳ್ಳಬೇಕಾಗಿದ್ದು ನಾನು. ತಾಲೀಮಿನಲ್ಲೇ ಗೊತ್ತಾದದ್ದು ಪುಣ್ಯ. ಕಾರ್ಯಕ್ರಮದ ದಿನ ಶಟರ್ ವೇಗ ಇಳಿಸಿ, ಪಟ್ಟೆ ಮಾಯವಾಗುವ ಅಂಕಿ ಹುಡುಕಿಕೊಂಡೆ. ಆ ವೇಗ ಸಾಲದ ಕಡೆ, ಚಪ್ಪಾಳೆ ಹೊತ್ತಲ್ಲಿ, ಮೆಕ್ಯಾನಿಕಲ್ ಶಟರ್‌ಗೆ ಬಂದೆ.

ಒಳ್ಳೆಯದನ್ನೂ ಹೇಳಬೇಕು. ಸ್ಪಾಟ್‌ಲೈಟ್‌ನಲ್ಲಿ ಮುಖ ಬೆಳ್ಳಗೆ ಸುಟ್ಟುಹೋಗುವುದು ಈಗ ಚಿತ್ರ ತೆಗೆಯುವ ಮೊದಲೇ ಕಾಣುತ್ತದೆ. ಮೊದಲೆಲ್ಲ ತೆಗೆದು, ಕೆಳಗಿಳಿಸಿ, ಪರದೆ ನೋಡಿ, ತಿದ್ದಿ, ಮತ್ತೆ ಎತ್ತಬೇಕಿತ್ತು. ಆ ಎತ್ತುವುದು ಇಳಿಸುವುದೇ ಮಣಿಕಟ್ಟಿಗೆ ಎಷ್ಟು ಭಾರವಾಗಿತ್ತು ಅಂತ ಈಗ ಗೊತ್ತಾಗುತ್ತಿದೆ. ನೋವು ಪೂರ್ತಿ ಹೋಗಿಲ್ಲ. ಆದರೆ ಮೂರು ಗಂಟೆಯ ನಾಟಕ ಮುಗಿಸಿ ಬಂದ ರಾತ್ರಿ ಪಟ್ಟಿ ಕಟ್ಟದೆ ಮಲಗುತ್ತೇನೆ.

ಹೋದ ವಾರ ಡಿ750 ಕೊಂಡ ಹುಡುಗಿ ಫೋನ್ ಮಾಡಿದಳು.

"ಮೇಡಂ, ನಾನು ತೆಗೆದ ಫೋಟೋಗಳಲ್ಲೆಲ್ಲ ನಿಮ್ಮ ಹೆಸರು ಬರ್ತಿದೆ. ಕಾಲೇಜಿನ ಸ್ಪರ್ಧೆಗೆ ಕೊಡಬೇಕಿತ್ತು."

ಒಂಬತ್ತು ವರ್ಷದ ಹಿಂದೆ ಕಾಪಿರೈಟ್ ಮಾಹಿತಿಯಲ್ಲಿ ನನ್ನ ಹೆಸರು ಬರೆದಿದ್ದೆ. ಅದು ಪ್ರತಿ ಚಿತ್ರದ ಒಳಗೂ ಸೇರುತ್ತದೆ. ಕಾರ್ಡ್ ತೆಗೆದೆ, ಸೆಟ್ಟಿಂಗ್ಸ್ ಹೊಸದರಲ್ಲಿ ಇದ್ದ ಹಾಗೆ ಮಾಡಿದೆ, ಇದನ್ನು ಅಳಿಸುವುದು ಮರೆತಿದ್ದೆ. ಕ್ಷಮೆ ಕೇಳಿದೆ. ಕ್ಯಾಮೆರಾ ಕೈಗೆ ತಗೋ ಅಂದೆ.

"ಹಿಂದುಗಡೆ ಎಡಕ್ಕೆ ಮೆನು ಬಟನ್ ಇದೆ, ಒತ್ತು. ಸ್ಪ್ಯಾನರ್ ಚಿತ್ರಕ್ಕೆ ಇಳಿ. ಇನ್ನೂ ಕೆಳಗೆ ಹೋಗು. ಕಾಪಿರೈಟ್ ಇನ್ಫರ್ಮೇಶನ್ ಅಂತ ಇರುತ್ತೆ. ಬಲಕ್ಕೆ ಒತ್ತು. ಆರ್ಟಿಸ್ಟ್ ಅನ್ನೋದರ ಒಳಗೆ ಹೋಗಿ ನನ್ನ ಹೆಸರು ಅಳಿಸಿ ನಿನ್ನದು ಬರಿ. ಟಿಕ್ ಹಾಕಿದೆಯಾ ನೋಡ್ಕೊ."

ಹೇಳುತ್ತಾ ಹೇಳುತ್ತಾ ನನ್ನ ಎಡ ಹೆಬ್ಬೆರಳು ಮೇಜಿನ ಅಂಚಿನ ಮೇಲೆ ಒಂದೊಂದೇ ಬಟನ್ ಒತ್ತುತ್ತಾ ಹೋಗುತ್ತಿತ್ತು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಂದು ಟಪ್ ಕೇಳಿಸಿತು. ಡಿ750ರ ಶಟರ್.

"ಈಗ ನನ್ನ ಹೆಸರು ಬಂತು ಮೇಡಂ," ಅಂದಳು.